ಮಳೆಗಾಲ, ದೊಡ್ಡ ಅಕ್ವೇರಿಯಂ ಮತ್ತು ಮನೆಯೊಳಗಿನ ಥಂಡಿ: ಮಲೆನಾಡಿನ ಮೀನು ಸಾಕುವವರಿಗೆ ಸಮಗ್ರ ಮಾರ್ಗದರ್ಶಿ

ಪುಷ್ಯ ಮಳೆ ಹಿಡಿದ ನಾಲ್ಕನೇ ದಿನ ನಡುಮನೆಯ ಗೋಡೆಯಲ್ಲಿದ್ದ ಅಜ್ಜನ ಫೋಟೊವನ್ನು ಒರೆಸಲೆಂದು ಇಳಿಸಿದೆ. ಹಿಂಬದಿಯ ರಟ್ಟಿನ ತುಂಬ ಹಸಿರು ಬೂಷ್ಟು. ಪಕ್ಕದ ಕೋಣೆಯಲ್ಲಿ ಅದೇ ದಿಕ್ಕಿನ ಗೋಡೆಗೆ ತೂಗುಹಾಕಿದ್ದ ಅಜ್ಜಿಯ ಫೋಟೊಗೆ ಏನೂ ಆಗಿರಲಿಲ್ಲ. ಎರಡು ಕೋಣೆಗಳಿಗೂ ಇದ್ದ ವ್ಯತ್ಯಾಸ ಒಂದೇ: ನಡುಮನೆಯಲ್ಲಿ ನನ್ನ ಆರಡಿ ಉದ್ದದ ಮೀನಿನ ಟ್ಯಾಂಕ್ ಇತ್ತು. ಮನೆಯವರೆಲ್ಲ ಒಂದೇ ಮಾತು ಹೇಳಿದರು, ಯಾರಿಗಾದರೂ ಕೊಟ್ಟುಬಿಡು ಅಂತ. ಕೊಡಲು ಮನಸ್ಸಾಗಲಿಲ್ಲ. ಅಂದಿನಿಂದ ಅಳೆಯುವುದಕ್ಕೆ ಶುರುಮಾಡಿದೆ. ಎರಡು ಮಳೆಗಾಲ ಅಳೆದು, ತಿದ್ದಿ, ಮತ್ತೆ ಅಳೆದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆಯ ಹಂಚಿನ ಮನೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇದೇ ತಾಲ್ಲೂಕಿನದು. ಉಪ್ಪಿನ ಡಬ್ಬಿ ನೀರೊಡೆಯುವುದು, ಹಪ್ಪಳ ಮೆತ್ತಗಾಗುವುದು, ಬೆಂಕಿಕಡ್ಡಿ ಗೀರಿದರೆ ಮದ್ದು ಕಳಚಿ ಬರುವುದು ಇಲ್ಲಿ ಅಕ್ವೇರಿಯಂ ಇಲ್ಲದ ಮನೆಯಲ್ಲೂ ಇದ್ದದ್ದೇ. ಹಾಗಾಗಿ ಮೊದಲು ಬಿಡಿಸಬೇಕಾದ ಕಗ್ಗಂಟು ಇದು: ಈ ಥಂಡಿಯಲ್ಲಿ ಆಕಾಶದ ಪಾಲೆಷ್ಟು, ಟ್ಯಾಂಕಿನ ಪಾಲೆಷ್ಟು?

ಟ್ಯಾಂಕಿನ ಪಾಲನ್ನು ಅಳೆಯುವುದು

ಇದಕ್ಕೆ ಬೇಕಾದದ್ದು ಒಂದು ತುಂಡು ಟೇಪ್ ಮತ್ತು ಮಕ್ಕಳ ಸ್ಕೇಲು. ರಾತ್ರಿ ಮಲಗುವ ಮುಂಚೆ ನೀರಿನ ಮಟ್ಟಕ್ಕೆ ಸರಿಯಾಗಿ ಗಾಜಿನ ಹೊರಗೆ ಟೇಪ್ ಅಂಟಿಸಿ. ಮರುದಿನ ಅದೇ ಹೊತ್ತಿಗೆ ಎಷ್ಟು ಮಿಲಿಮೀಟರ್ ಇಳಿದಿದೆ ನೋಡಿ. ಮೂರು ದಿನ ನೋಡಿ ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು. ಅಷ್ಟು ದಿನ ನೀರು ಸೇರಿಸುವುದೂ ಬೇಡ, ತೆಗೆಯುವುದೂ ಬೇಡ. ಸಂಪ್ (ಟ್ಯಾಂಕಿನ ಕೆಳಗೆ ಕ್ಯಾಬಿನೆಟ್ಟಿನಲ್ಲಿಡುವ ಫಿಲ್ಟರಿನ ತೊಟ್ಟಿ) ಇರುವ ಟ್ಯಾಂಕಿನಲ್ಲಿ ಮೇಲಿನ ಮಟ್ಟ ಇಳಿಯುವುದಿಲ್ಲ, ಸಂಪಿನಲ್ಲಿ ಇಳಿಯುತ್ತದೆ. ಅಂಥವರು ಹಿಂದಿನ ರಾತ್ರಿಯ ಮಟ್ಟಕ್ಕೆ ತರಲು ಎಷ್ಟು ಲೀಟರ್ ಸುರಿಯಬೇಕಾಯಿತು ಎಂದು ಮಗ್ಗಿನಲ್ಲಿ ಅಳೆದರೆ ಆಯಿತು.

ಆರಡಿ ಉದ್ದ, ಎರಡಡಿ ಅಗಲದ ಟ್ಯಾಂಕಿನಲ್ಲಿ ನೀರಿನ ಮೇಲ್ಮೈ ಸುಮಾರು 1.1 ಚದರ ಮೀಟರ್. ಅಂದರೆ 1 ಮಿಲಿಮೀಟರ್ ಇಳಿದರೆ 1.1 ಲೀಟರ್ ನೀರು ಗಾಳಿಗೆ ಸೇರಿತು ಎಂದರ್ಥ. ಆಗ ನನ್ನ ಟ್ಯಾಂಕಿಗೆ ಮುಚ್ಚಳವಿರಲಿಲ್ಲ, ಹೀಟರ್ 28 ಡಿಗ್ರಿಗೆ ಇತ್ತು. ದಿನಕ್ಕೆ 3 ಮಿಲಿಮೀಟರ್ ಇಳಿಯುತ್ತಿತ್ತು. 3.3 ಲೀಟರ್!

ಈ ಅಂಕಿಯ ಭಾರ ತಿಳಿಯಬೇಕಾದರೆ ಕೋಣೆಯ ಗಾಳಿ ಎಷ್ಟು ನೀರು ಹೊರಬಲ್ಲದು ಎಂದು ನೋಡಬೇಕು. ಒಂದು ಘನ ಮೀಟರ್ ಗಾಳಿ 20 ಡಿಗ್ರಿಯಲ್ಲಿ ಹೆಚ್ಚೆಂದರೆ 17.3 ಗ್ರಾಂ ನೀರಿನ ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. 22 ಡಿಗ್ರಿಗೆ 19.4, 24ಕ್ಕೆ 21.8, 26ಕ್ಕೆ 24.4, 28ಕ್ಕೆ 27.2, 30ಕ್ಕೆ 30.4 ಗ್ರಾಂ. ಈ ಆರು ಅಂಕಿಗಳನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ, ಮುಂದೆ ಕಿಟಕಿಯ ಲೆಕ್ಕಕ್ಕೂ ಬೇಕಾಗುತ್ತದೆ. ನಮ್ಮ ನಡುಮನೆ 14 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ, ಅಂದರೆ ಸುಮಾರು 48 ಘನ ಮೀಟರ್. 24 ಡಿಗ್ರಿಯಲ್ಲಿ ಅದರ ಗಾಳಿಯೆಲ್ಲ ಸೇರಿ ಹೊರಬಲ್ಲದ್ದು ಒಂದು ಲೀಟರ್ ನೀರು, ಅಷ್ಟೇ. ಅದಕ್ಕೆ ದಿನವೂ ಮೂರು ಲೀಟರ್ ಉಣಿಸುತ್ತಿದ್ದೆ. ಮಿಕ್ಕಿದ್ದು ಸಂದಿಗೊಂದಿಗಳಲ್ಲಿ ಹೊರಗೆ ಹೋಯಿತು, ಹೋಗಲಾಗದ್ದು ಮರಕ್ಕೆ, ಬಟ್ಟೆಗೆ, ಅಜ್ಜನ ಫೋಟೊದ ರಟ್ಟಿಗೆ ಇಳಿಯಿತು.

ಇನ್ನು ತೇವಾಂಶ ಮಾಪಕ. ಕಡಿಮೆ ಬೆಲೆಯ ಡಿಜಿಟಲ್ ಹೈಗ್ರೋಮೀಟರ್ ಸಾಕು, ಆದರೆ ಎರಡು ಕೊಳ್ಳಿ. ಒಂದು ಟ್ಯಾಂಕ್ ಇರುವ ಕೋಣೆಗೆ, ಟ್ಯಾಂಕಿನಿಂದ ಆರೇಳು ಅಡಿ ದೂರದಲ್ಲಿ, ಎದೆಯೆತ್ತರಕ್ಕೆ. ಇನ್ನೊಂದು ಟ್ಯಾಂಕಿಲ್ಲದ, ಅಡುಗೆಮನೆ ಬಚ್ಚಲಿಗೆ ತಾಗದ ಕೋಣೆಗೆ. ಅಂಗಡಿಯಿಂದ ತಂದದ್ದನ್ನು ಹಾಗೇ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಹನಿಸಿ. ಉಪ್ಪು ಕರಗಿ ನೀರಾಗಬಾರದು. ಅದನ್ನೂ ಮಾಪಕಗಳನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಡಿ. ಒದ್ದೆ ಉಪ್ಪಿನ ಮೇಲಿನ ಗಾಳಿ 75 ಪ್ರತಿಶತಕ್ಕೆ ನಿಲ್ಲುತ್ತದೆ. ಮಾಪಕ 70 ತೋರಿಸಿದರೆ ಮುಂದೆ ಸದಾ 5 ಕೂಡಿಸಿಕೊಳ್ಳಿ. ನನ್ನ ಎರಡರಲ್ಲಿ ಒಂದು 6 ಅಂಕಿ ಕಡಿಮೆ ತೋರಿಸುತ್ತಿತ್ತು.

ಎಷ್ಟಿರಬೇಕು? 50ರಿಂದ 60 ಪ್ರತಿಶತ ಆರೋಗ್ಯಕ್ಕೂ ಮರಕ್ಕೂ ಒಳ್ಳೆಯದು. ಗೋಡೆ, ಮರದ ಮೇಲ್ಮೈ ದಿನಗಟ್ಟಲೆ 80ರ ಮೇಲೆ ನಿಂತರೆ ಬೂಷ್ಟು ಖಂಡಿತ ಬೇರೂರುತ್ತದೆ. ಆಷಾಢದ ಮಲೆನಾಡಿನಲ್ಲಿ ಯಂತ್ರವಿಲ್ಲದೆ 60ಕ್ಕೆ ಇಳಿಸುತ್ತೇನೆ ಅಂದರೆ ಆಗದ ಮಾತು. ಟ್ಯಾಂಕಿನ ಕೋಣೆ ಪಕ್ಕದ ಕೋಣೆಗಿಂತ 3–4 ಅಂಕಿಗಿಂತ ಹೆಚ್ಚು ತೋರಿಸದಿದ್ದರೆ ಟ್ಯಾಂಕಿನ ತಪ್ಪೇನೂ ಇಲ್ಲ. ನಮ್ಮಲ್ಲಿ ಆ ವ್ಯತ್ಯಾಸ 14 ಇತ್ತು.

ಗೋಡೆಯ ನೀರೋ, ಗಾಳಿಯ ನೀರೋ

ಮಳೆ ಬಡಿಯುವ ಪಡುವಣ ಗೋಡೆಗೆ ಹಿಂದಿನವರು ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗ ಅದು ಕಡಿಮೆಯಾಗಿದೆ, ಗೋಡೆಗಳು ನೇರ ನೆನೆಯುತ್ತವೆ. ಜಂಬಿಟ್ಟಿಗೆ ಗೋಡೆ ನೀರು ಕುಡಿದರೆ ಒಳಗಡೆ ಬೂಷ್ಟು ಬರಲು ಅಕ್ವೇರಿಯಮ್ಮೇ ಬೇಕಿಲ್ಲ. ಹಾಗೆಯೇ ರೆಡ್ ಆಕ್ಸೈಡ್ ನೆಲ ಮಳೆಗಾಲದ ಶುರುವಿನಲ್ಲಿ ಬೆವರುತ್ತದೆ. ಒಳಗೆ ಬಂದ ತೇವದ ಗಾಳಿ ತಣ್ಣನೆಯ ನೆಲ ತಾಗಿ ನೀರಾಗುವುದು ಅದು.

ಬೇರ್ಪಡಿಸಲು ಹೀಗೆ ಮಾಡಿ. ಸಂಶಯದ ಜಾಗದಲ್ಲಿ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ನೀರು ಗೋಡೆಯಿಂದಲೋ ನೆಲದಿಂದಲೋ ಬರುತ್ತಿದೆ. ಆಗ ಮೊದಲು ಹಂಚು, ಮಳೆನೀರಿನ ದೋಣಿ, ಹೊರಗಿನ ಗಾರೆ ನೋಡಿಸಬೇಕು. ಹೊರಮೈಯಲ್ಲಿ ಮಾತ್ರ ಪಸೆಯಿದ್ದರೆ ಅದು ಗಾಳಿಯದು.

ಗಾಳಿಗೆ ನೀರು ಸೇರಿಸುವುದು ಟ್ಯಾಂಕ್ ಒಂದೇ ಅಲ್ಲ ಅನ್ನುವುದೂ ನೆನಪಿರಲಿ. 1 ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ಒಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದರೆ ಬಟ್ಟೆಯಲ್ಲಿದ್ದ ನೀರೆಲ್ಲ ಕೋಣೆಗೇ. ಮಳೆಗಾಲದಲ್ಲಿ ಬಟ್ಟೆಗೆ ಬಚ್ಚಲ ಒಲೆಯ ಮೇಲಿನ ಜಾಗವೇ ಸರಿ, ಟ್ಯಾಂಕ್ ಇರುವ ಕೋಣೆಗಂತೂ ಬೇಡವೇ ಬೇಡ.

ನೀರು ಗಾಳಿಗೆ ಹಾರುವುದು ಏತಕ್ಕೆ

ನೂರಕ್ಕೆ ತೊಂಬತ್ತು ತೇವವಿರುವ ಗಾಳಿಗೆ ಇನ್ನಷ್ಟು ನೀರು ಹೇಗೆ ಸೇರೀತು ಎಂದು ನಾನೂ ಕೇಳಿಕೊಂಡಿದ್ದೆ. ಉತ್ತರ ಹೀಟರಿನಲ್ಲಿದೆ. ನೀರು ಕೋಣೆಗಿಂತ ಬೆಚ್ಚಗಿದ್ದಷ್ಟೂ ಆವಿಯಾಗುವ ಒತ್ತಡ ಹೆಚ್ಚು. ಕೋಣೆ 23 ಡಿಗ್ರಿ, ತೇವಾಂಶ 85 ಇದ್ದಾಗ 25 ಡಿಗ್ರಿಯ ನೀರಿಗಿಂತ 28 ಡಿಗ್ರಿಯ ನೀರಿನಿಂದ ಸುಮಾರು ಒಂದೂಮುಕ್ಕಾಲು ಪಟ್ಟು ಆವಿ ಏಳುತ್ತದೆ. 30 ಡಿಗ್ರಿಗೆ ಎರಡು ಪಟ್ಟಿಗೂ ಮೀರುತ್ತದೆ. ಹೀಟರೇ ಇಲ್ಲದೆ ನೀರು ಕೋಣೆಯಷ್ಟೇ ತಣ್ಣಗಿದ್ದರೆ ಜಡಿಮಳೆಯಲ್ಲಿ ಟ್ಯಾಂಕಿನಿಂದ ಏಳುವುದು ತೀರಾ ಕಡಿಮೆ.

ಆದ್ದರಿಂದ ನಿಮ್ಮ ಮೀನಿಗೆ ಎಷ್ಟು ಬಿಸಿ ಬೇಕು ಎಂದು ಮತ್ತೊಮ್ಮೆ ನೋಡಿ. ಗೋಲ್ಡ್‌ಫಿಶ್‌ಗೆ ಹೀಟರೇ ಬೇಡ. ಏಂಜಲ್, ಬಾರ್ಬ್, ಆಸ್ಕರ್ 25 ಡಿಗ್ರಿಯಲ್ಲಿ ಆರಾಮವಾಗಿರುತ್ತವೆ. ಡಿಸ್ಕಸ್ ಮಾತ್ರ 28ರ ಕೆಳಗೆ ಒಗ್ಗುವುದಿಲ್ಲ. ಇಳಿಸುವಾಗ ದಿನಕ್ಕೆ ಅರ್ಧ ಡಿಗ್ರಿ ಸಾಕು. ಒಮ್ಮೆಲೇ ತಣ್ಣಗಾದರೆ ಮೀನು ಸೊರಗಿ ಬಿಳಿಚುಕ್ಕೆ ರೋಗ ಬರುತ್ತದೆ. ನನ್ನ ಟ್ಯಾಂಕನ್ನು ಒಂದು ವಾರದಲ್ಲಿ 28ರಿಂದ 25ಕ್ಕೆ ತಂದೆ. ದಿನಕ್ಕೆ 3 ಮಿಲಿಮೀಟರ್ ಇಳಿಯುತ್ತಿದ್ದದ್ದು ಒಂದೂವರೆಗೆ ಬಂತು. ಖರ್ಚು ಒಂದು ಪೈಸೆಯೂ ಇಲ್ಲ, ಕರೆಂಟ್ ಬೇರೆ ಉಳಿಯಿತು.

ಮುಚ್ಚಳ

ಈ ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಾದರೆ ಇದನ್ನು ಮಾಡಿ. ಗಾಳಿಗೆ ಸೇರಿದ ನೀರನ್ನು ಹಿಂದಕ್ಕೆ ಹಿಡಿಯುವುದು ಕಷ್ಟ, ದುಬಾರಿ. ಸೇರದಂತೆ ತಡೆಯುವುದು ಸುಲಭ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.68 ಯೂನಿಟ್ ಕರೆಂಟಿನಷ್ಟು ಶಾಖವನ್ನು ಒಯ್ಯುತ್ತದೆ. 3.3 ಲೀಟರಿಗೆ 2.2 ಯೂನಿಟ್ ಆಯಿತು, ಅದರ ಬಹುಪಾಲನ್ನು ಹೀಟರ್ ತುಂಬಿಕೊಡಬೇಕು. ಆ ಆವಿಯನ್ನು ಡಿಹ್ಯುಮಿಡಿಫೈಯರಿನಿಂದ ಹಿಂಡಲು ಮತ್ತೆ ಎರಡು ಮೂರು ಯೂನಿಟ್. ಮುಚ್ಚಳವಿದ್ದರೆ ಎರಡೂ ಉಳಿತಾಯ.

ಗಾಜಿನದೇ ಮಾಡಿಸಿ. ಅಕ್ರಿಲಿಕ್ ಹಾಳೆ ಹಗುರ, ನೋಡಲೂ ಚೆಂದ, ಆದರೆ ಕೆಳಮೈ ಮಾತ್ರ ತೇವ ಹೀರಿಕೊಂಡು ಕೆಲವೇ ವಾರಗಳಲ್ಲಿ ಬಾಗಿಬಿಡುತ್ತದೆ. 5 ಮಿಲಿಮೀಟರ್ ಗಾಜು ಗಟ್ಟಿ. ಆರಡಿಗೆ ಒಂದೇ ತುಂಡು ಬೇಡ, ಮೂರು ತುಂಡು ಮಾಡಿಸಿ, ಒಬ್ಬರೇ ಎತ್ತುವಂತಿರಬೇಕು. ಅಂಚುಗಳನ್ನು ಚೆನ್ನಾಗಿ ಉಜ್ಜಿಸದಿದ್ದರೆ ಕೈ ಕುಯ್ಯುತ್ತದೆ.

ಮುಚ್ಚಳವನ್ನು ಟ್ಯಾಂಕಿನ ಅಂಚಿನ ಮೇಲೆ ಸುಮ್ಮನೆ ಇಟ್ಟರೆ ಕೆಳಮೈಯಲ್ಲಿ ಕೂತ ಹನಿಗಳು ಅಂಚಿಗೆ ಹರಿದು ಹೊರಗೆ ಇಳಿಯುತ್ತವೆ. ಕ್ಯಾಬಿನೆಟ್ಟಿನ ಪ್ಲೈವುಡ್ ಉಬ್ಬುವುದು, ವೈರಿನ ಗುಂಟ ನೀರು ಇಳಿಯುವುದು ಹೀಗೇ. ಅಂಚಿನಿಂದ ಒಂದಿಂಚು ಕೆಳಗೆ, ಒಳಗಡೆ, ಸಣ್ಣ ಗಾಜಿನ ಪಟ್ಟಿಗಳನ್ನು ಸಿಲಿಕೋನಿನಿಂದ ಅಂಟಿಸಿ ಅದರ ಮೇಲೆ ಮುಚ್ಚಳ ಕೂರಿಸಿ. ಮುಂಬದಿಯ ಪಟ್ಟಿಗಳು ಹಿಂಬದಿಯವುಗಳಿಗಿಂತ ಕೂದಲೆಳೆಯಷ್ಟು ತಗ್ಗಿದ್ದರೆ ಹನಿಗಳೆಲ್ಲ ಸಾಲಾಗಿ ಹರಿದು ಒಳಕ್ಕೇ ಬೀಳುತ್ತವೆ. ಸಿಲಿಕೋನ್ ಕೊಳ್ಳುವಾಗ ಬೂಷ್ಟು ನಿರೋಧಕ ಎಂದು ಬರೆದಿರುವ ಬಾತ್‌ರೂಮಿನ ಸಿಲಿಕೋನ್ ತರಬೇಡಿ, ಅದರಲ್ಲಿರುವ ವಿಷ ಮೀನಿಗೆ ಆಗದು. ಅಂಟಿಸಲು ನೀರನ್ನು ಇಳಿಸಿ, ಗಾಜನ್ನು ಒಣಗಿಸಿಕೊಳ್ಳಬೇಕು. ಹಾಗಾಗಿ ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸುವುದು ಲೇಸು.

ಹಿಂಬದಿ ಎರಡಿಂಚು ಜಾಗವನ್ನು ಪೈಪು, ವೈರುಗಳಿಗೆ ಬಿಡಬೇಕಾಗುತ್ತದೆ. ಅಲ್ಲಿಗೆ ಪಾಲಿಕಾರ್ಬೊನೇಟ್ ಹಾಳೆಯ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ, ಪೈಪಿನ ಆಕಾರಕ್ಕೆ ಕಚ್ಚು ಮಾಡಿ ಕೂರಿಸಬಹುದು. ಗಾಳಿಯೇ ಆಡದಂತೆ ಬಿಗಿಯುವುದು ಬೇಡ. ಮೀನಿನ ಉಸಿರಾಟಕ್ಕೆ ಸಣ್ಣ ಸಂದಿಗಳು ಬೇಕು, ಮೇಲ್ಮೈ ಅಲುಗುತ್ತಿರಬೇಕು. ಲೈಟು ಮುಚ್ಚಳದ ಮೇಲಿರಲಿ, ಒಳಗಿಡುವುದಾದರೆ ನೀರು ಒಳಹೋಗದ ಐಪಿ67 ಗುರುತಿನದು ಮಾತ್ರ. ಎಲ್ಲ ವೈರುಗಳೂ ಸಾಕೆಟ್ಟಿಗಿಂತ ಕೆಳಕ್ಕೆ ಜೋತು ಮತ್ತೆ ಮೇಲೇರಿ ಪ್ಲಗ್ಗಿಗೆ ಹೋಗಬೇಕು. ಆಗ ಹರಿದ ಹನಿ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಟ್ಯಾಂಕಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಹಾಕಿಸದೆ ಮಲೆನಾಡಿನ ಮಳೆಗಾಲದಲ್ಲಿ ನೀರಿಗೆ ಕೈ ಹಾಕಬೇಡಿ.

ಮುಚ್ಚಳ ಕೂರಿಸಿದ ಮೇಲೆ ನನ್ನ ಟ್ಯಾಂಕಿನ ನೀರು ವಾರಕ್ಕೆ 3 ಮಿಲಿಮೀಟರ್ ಇಳಿಯತೊಡಗಿತು. ದಿನಕ್ಕೆ ಅರ್ಧ ಲೀಟರಿಗೂ ಕಡಿಮೆ. ವಾರಕ್ಕೊಮ್ಮೆ ಕೆಳಮೈಯ ಪಾಚಿ ಉಜ್ಜಿ ತೊಳೆಯಬೇಕು, ಇಲ್ಲವಾದರೆ ಗಿಡಗಳಿಗೆ ಬೆಳಕು ಸಾಲದು.

ಗುಳ್ಳೆ, ಸಂಪ್, ಕ್ಯಾಬಿನೆಟ್

ಒಡೆಯುವ ಪ್ರತಿ ಗುಳ್ಳೆಯೂ ಸಣ್ಣ ಹನಿಗಳನ್ನು ಸಿಡಿಸುತ್ತದೆ. ಟ್ಯಾಂಕಿನ ಅಂಚಿನಲ್ಲಿ ಬಿಳಿ ಕರೆ ಕಟ್ಟುವುದು ಅದರಿಂದಲೇ. ಏರ್ ಪಂಪಿನ ವಾಲ್ವ್ ತಿರುಗಿಸಿ ಗುಳ್ಳೆ ಕಡಿಮೆ ಮಾಡಿ, ಫಿಲ್ಟರಿನ ನೀರು ಬೀಳುವ ಪೈಪನ್ನು ಮೇಲ್ಮೈಗಿಂತ ಒಂದಿಂಚು ಕೆಳಗಿಡಿ. ಅಲೆ ಏಳಲಿ, ಸಿಡಿಯುವುದು ಬೇಡ.

ಸಂಪನ್ನು ಮುಚ್ಚಲು ಎಲ್ಲರೂ ಮರೆಯುತ್ತಾರೆ. ಕ್ಯಾಬಿನೆಟ್ಟಿನ ಕತ್ತಲೆಯಲ್ಲಿ ಅದೇ ಬಿಸಿ ನೀರು ಬಾಯ್ತೆರೆದು ಕೂತಿರುತ್ತದೆ, ಸುತ್ತ ಮರ. ಪಾಲಿಕಾರ್ಬೊನೇಟ್ ಹಾಳೆ ಮುಚ್ಚಿ, ಕ್ಯಾಬಿನೆಟ್ಟಿನ ಹಿಂಬದಿಗೆ ಗಾಳಿ ಹೋಗುವ ತೂತು ಬಿಡಿ. ಹೊಸದಾಗಿ ಮಾಡಿಸುವವರು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮುಟ್ಟಲೇಬೇಡಿ, ಒಮ್ಮೆ ನೆನೆದರೆ ಉಬ್ಬಿ ಪುಡಿಯಾಗುತ್ತದೆ. ಮೆರೀನ್ ಪ್ಲೈ ಬಳಸಿ, ಕತ್ತರಿಸಿದ ಅಂಚುಗಳಿಗೂ ಬಣ್ಣ ಹೊಡೆಸಿ. ಒದ್ದೆ ಮರವೆಂದರೆ ಒರಲೆಗೆ ಔತಣ. ಆರಡಿ ಟ್ಯಾಂಕು ಎರಡಡಿ ಎತ್ತರವಿದ್ದರೆ ಬರೀ ನೀರೇ ಸುಮಾರು 680 ಕಿಲೋ, ಕಾಲು ಟೊಳ್ಳಾದರೆ ತಡೆಯುವುದಿಲ್ಲ.

ಟ್ಯಾಂಕಿಗೂ ಗೋಡೆಗೂ ಅರ್ಧ ಅಡಿ ಅಂತರವಿರಲಿ. ಕಪಾಟು, ಗಾಡ್ರೇಜ್ ಬೀರುಗಳನ್ನೂ ಮಳೆಗಾಲಕ್ಕೆ ಗೋಡೆಯಿಂದ ಮೂರು ನಾಲ್ಕು ಇಂಚು ಮುಂದಕ್ಕೆ ಎಳೆದಿಡಿ. ಗಾಳಿ ಆಡದ ತಣ್ಣನೆಯ ಸಂದಿಯಲ್ಲೇ ಬೂಷ್ಟು ಹುಟ್ಟುವುದು.

ಕಿಟಕಿ ಯಾವಾಗ ತೆರೆಯಬೇಕು

ಪ್ರತಿಶತ ನೋಡಿದರೆ ಮೋಸಹೋಗುತ್ತೀರಿ, ಗ್ರಾಂ ಲೆಕ್ಕ ಹಾಕಿ. ಹೊರಗೆ ಮಳೆ, 22 ಡಿಗ್ರಿ, ತೇವಾಂಶ 95. 19.4ರ 95 ಪ್ರತಿಶತ ಎಂದರೆ 18.4 ಗ್ರಾಂ. ಒಳಗೆ 24 ಡಿಗ್ರಿ, ತೇವಾಂಶ 90, ಅಂದರೆ 19.6 ಗ್ರಾಂ. ಅಂಕಿ 95 ಎಂದು ಹೆದರಿಸಿದರೂ ಹೊರಗಿನ ಗಾಳಿಯೇ ಒಣ. ಘನ ಮೀಟರಿಗೆ 1.2 ಗ್ರಾಂ ಲಾಭ. ಗಂಟೆಗೆ 100 ಘನ ಮೀಟರ್ ಗಾಳಿ ಎಳೆಯುವ ಎಕ್ಸಾಸ್ಟ್ ಫ್ಯಾನ್ ಇದ್ದರೆ ಗಂಟೆಗೆ 120 ಗ್ರಾಂ ನೀರು ಹೊರಗೆ. ಈಗ ಮುಚ್ಚಳದ ಬೆಲೆ ನೋಡಿ: ಮುಚ್ಚದ ನನ್ನ ಟ್ಯಾಂಕಿನ 3.3 ಲೀಟರನ್ನು ಹೊರಹಾಕಲು ಆ ಫ್ಯಾನ್ ದಿನವಿಡೀ ತಿರುಗಿದರೂ ಸಾಲದು. ಮುಚ್ಚಿದ ಟ್ಯಾಂಕಿಗೆ ನಾಲ್ಕು ತಾಸು ಸಾಕು.

ಫ್ಯಾನನ್ನು ಗೋಡೆಯ ಮೇಲ್ಭಾಗಕ್ಕೆ, ಮಳೆ ಬಡಿಯದ ದಿಕ್ಕಿಗೆ ಹಾಕಿಸಿ. ಹೊರಹೋದಷ್ಟು ಗಾಳಿ ಒಳಬರಲು ಎದುರಿನ ಕಿಟಕಿ ಸ್ವಲ್ಪ ತೆರೆದಿರಲಿ. ಅಡುಗೆಮನೆ ಅಥವಾ ಬಚ್ಚಲ ಬಾಗಿಲು ತೆರೆದಿದ್ದರೆ ಅಲ್ಲಿನ ಹಬೆಯನ್ನೇ ಎಳೆದುಕೊಳ್ಳುತ್ತದೆ. ಹಂಚಿನ ಮನೆಯಲ್ಲಿ ಸಂದಿಗಳಿಂದ ಗಾಳಿ ತಾನಾಗಿ ಆಡುತ್ತದೆ, ಆದರೆ ಕೆಳಗೆ ಮರದ ಮುಚ್ಚಿಗೆ ಇದ್ದರೆ ಆವಿ ಅಲ್ಲೇ ತಡೆದು ನಿಲ್ಲುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಟಾರ್ಚ್ ಹಿಡಿದು ಮುಚ್ಚಿಗೆ ಹಲಗೆ ನೋಡಿ. ದೀಪಾವಳಿ ಕಳೆದ ಮೇಲೆ ಈ ಲೆಕ್ಕವೇ ಬೇಕಿಲ್ಲ, ಮಧ್ಯಾಹ್ನದ ಬಿಸಿಲಲ್ಲಿ ಎಲ್ಲ ಕಿಟಕಿ ತೆರೆದಿಟ್ಟರೆ ಸರಿ.

ಯಂತ್ರ ಬೇಕೇ

ಶಿವಮೊಗ್ಗದಲ್ಲಿ ತಂಗಿಯ ಮನೆ ಆರ್‌ಸಿಸಿಯದು, ಸೊಳ್ಳೆಗೆ ಹೆದರಿ ಸಂಜೆ ನಾಲ್ಕಕ್ಕೇ ಕಿಟಕಿ ಮುಚ್ಚುತ್ತಾರೆ. ನಾಲ್ಕಡಿ ಟ್ಯಾಂಕಿನಲ್ಲಿ ಡಿಸ್ಕಸ್, ನೀರು 29 ಡಿಗ್ರಿ. ಮುಚ್ಚಳ ಹಾಕಿದ ಮೇಲೂ ಕೋಣೆ 82ರ ಕೆಳಗೆ ಇಳಿಯಲಿಲ್ಲ. ಅಂಥ ಕಡೆ ಡಿಹ್ಯುಮಿಡಿಫೈಯರ್ ಕೊಳ್ಳುವುದು ಸರಿ. ಕೊಳ್ಳುವುದಾದರೆ ಕಂಪ್ರೆಸರ್ ಇರುವುದನ್ನೇ. ಮೇಜಿನ ಮೇಲಿಡುವ, ಕಂಪ್ರೆಸರ್ ಇಲ್ಲದ ಸಣ್ಣ ಪೆಲ್ಟಿಯರ್ ಯಂತ್ರಗಳು ದಿನಕ್ಕೆ ಕೆಲವು ನೂರು ಮಿಲಿಲೀಟರ್ ಹಿಡಿದರೆ ಹೆಚ್ಚು, ಕೋಣೆಗೆ ಸಾಲವು. ಡಬ್ಬದ ಮೇಲೆ 12 ಲೀಟರ್ ಎಂದಿದ್ದರೆ ಅದು ಸಾಮಾನ್ಯವಾಗಿ 30 ಡಿಗ್ರಿ, 80 ಪ್ರತಿಶತ ತೇವಾಂಶದಲ್ಲಿ ಅಳೆದದ್ದು. ನಮ್ಮ 23 ಡಿಗ್ರಿಯಲ್ಲಿ ಅಷ್ಟು ಸಿಗದು. 65ಕ್ಕೆ ಇಟ್ಟು, ಬಾಗಿಲು ಕಿಟಕಿ ಮುಚ್ಚಿ ಓಡಿಸಿ. ಕಿಟಕಿ ತೆರೆದು ಓಡಿಸಿದರೆ ಇಡೀ ಮಲೆನಾಡನ್ನು ಒಣಗಿಸಲು ಹೊರಟಂತೆ. ಅದರಲ್ಲಿ ಸೇರಿದ ನೀರನ್ನು ಟ್ಯಾಂಕಿಗೆ ಸುರಿಯಬೇಡಿ, ತಾಮ್ರದ ಸುರುಳಿ ತಾಗಿ ಬಂದದ್ದು, ಸಿಗಡಿಗೆ ತಾಮ್ರ ವಿಷ. ಸಿಲಿಕಾ ಜೆಲ್, ಇದ್ದಿಲು ಇವೆಲ್ಲ ರೇಷ್ಮೆ ಸೀರೆಯ ಕಪಾಟಿಗೆ ಸರಿ, ಕೋಣೆಗಲ್ಲ.

ಬೂಷ್ಟು ಬಂದಾಗಿದ್ದರೆ

ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸಬೇಡಿ, ಬೀಜಕಣಗಳು ಮನೆಯೆಲ್ಲ ಹಾರುತ್ತವೆ. ಎನ್95 ಮಾಸ್ಕ್ ಹಾಕಿಕೊಂಡು ಸೋಪುನೀರಿನ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಗೋಡೆಗೆ ಪ್ಲಾಸ್ಟಿಕ್ ಎಮಲ್ಷನ್ ಬಣ್ಣಕ್ಕಿಂತ ಸುಣ್ಣವೇ ಮೇಲು, ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭಕ್ಕೆ ಬೆಳೆಯದು, ಗೋಡೆಯೂ ಉಸಿರಾಡುತ್ತದೆ. ಬಳಿಯುವಾಗ ಟ್ಯಾಂಕಿಗೆ ಹೊದಿಕೆ ಹೊದಿಸಿ.

ಇಲ್ಲಿ ಒಂದು ಎಚ್ಚರಿಕೆ. ಏರ್ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ತುಂಬುತ್ತದೆ. ಒರಲೆ ಔಷಧಿ, ಜಿರಲೆ ಸ್ಪ್ರೇ, ಸೊಳ್ಳೆ ಓಡಿಸುವ ಲಿಕ್ವಿಡ್ ಇವುಗಳಲ್ಲಿರುವ ಪೈರೆತ್ರಾಯ್ಡ್ ಮನುಷ್ಯರಿಗೆ ಅಷ್ಟೇನೂ ಮಾಡದಿದ್ದರೂ ಮೀನಿಗೆ ಭಯಂಕರ ವಿಷ. ಟ್ಯಾಂಕಿನ ಕೋಣೆಯಲ್ಲಿ ಅವು ಬೇಡ.

ಕರೆಂಟ್ ಹೋದಾಗ, ಬೇಸಿಗೆ ಬಂದಾಗ

ಮರ ಬಿದ್ದು ಲೈನ್ ಹೋದರೆ ನಮ್ಮ ಕಡೆ ಎರಡು ದಿನ ಕರೆಂಟ್ ಬಾರದಿರುವುದುಂಟು. ಪಂಪ್ ನಿಂತ ಟ್ಯಾಂಕಿಗೆ ಮುಚ್ಚಳ ಇದ್ದರೆ ಆಮ್ಲಜನಕ ಇನ್ನೂ ಬೇಗ ಇಳಿಯುತ್ತದೆ. ಒಂದು ಗಾಜಿನ ತುಂಡನ್ನು ತೆಗೆದು ಅಲ್ಲಿಗೆ ಬಲೆ ಹಾಸಿ, ಮೀನು ಹಾರದಂತೆ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲೇಬೇಕು. ಊಟ ಹಾಕುವುದನ್ನು ನಿಲ್ಲಿಸಿ.

ಮಾರ್ಚ್ ಬಂದರೆ ಎಲ್ಲ ತಲೆಕೆಳಗು. ಗಾಳಿ ಒಣಗಿರುತ್ತದೆ, ನೀರು 30 ಡಿಗ್ರಿ ದಾಟುವ ಭಯ. ಆಗ ಆವಿಯಾಗುವುದೇ ಮೀನಿಗೆ ತಂಪು. ಮುಚ್ಚಳ ತೆಗೆದು ಬಲೆ ಹಾಸಿ, ಸಣ್ಣ ಫ್ಯಾನಿನ ಗಾಳಿ ನೀರಿನ ಮೇಲೆ ಹಾಯಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಇಳಿದಷ್ಟು ನೀರನ್ನು ಸೇರಿಸುತ್ತಿರಿ, ಜೊತೆಗೆ ವಾರದ ನೀರು ಬದಲಾವಣೆಯನ್ನು ಬಿಡಬೇಡಿ. ನೀರು ಹಾರಿದರೂ ಲವಣ ಉಳಿದು ಗಡಸಾಗುತ್ತ ಹೋಗುತ್ತದೆ. ತೆಗೆದ ಗಾಜುಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಕ್ಯಾಬಿನೆಟ್ಟಿನ ಹಿಂದೆ ನಿಲ್ಲಿಸಿಡುತ್ತೇನೆ. ರೋಹಿಣಿ ಮಳೆ ಶುರುವಾದ ವಾರ ಹೊರತೆಗೆದು ತೊಳೆದು, ಮೃಗಶಿರ ಹಿಡಿಯುವುದರೊಳಗೆ ಮತ್ತೆ ಕೂರಿಸುತ್ತೇನೆ. ಅಜ್ಜನ ಫೋಟೊ ಅದೇ ಗೋಡೆಯಲ್ಲಿದೆ, ಹಿಂಬದಿಗೆ ಹೊಸ ರಟ್ಟು ಹಾಕಿಸಿದ್ದೇನೆ.